ಹೊಸನಗರಕ್ಕೆ ಯಾರು ಬರ್ತಾರೆ?

ನಮ್ಮೂರನ್ನು ಯಾರಾದರೂ ಹಳಿಯದೆ ಒಂದು ವಾರ ಕಳೆದರೆ ನನಗೇ ಅನುಮಾನ ಬರುತ್ತದೆ, ಊರು ಇದ್ದಲ್ಲೇ ಇದೆಯೋ ಇಲ್ಲವೋ ಅಂತ. ನಾನು ಹೊಸನಗರದವಳು. ಅಲ್ಲೇ ಗುಡ್ಡದ ಮೇಲೆ ಹುಟ್ಟಿ, ಅಲ್ಲೇ ಗುಡ್ಡ ಇಳಿದು ಎರಡು ಬೀದಿ ಆಚೆಗೆ ಮದುವೆಯಾಗಿ, ಅಲ್ಲೇ ಬಸ್‌ಸ್ಟ್ಯಾಂಡಿನ ಹತ್ತಿರ ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದೇನೆ. ಮದುವೆ ಸೀಸನ್ ಬಂತೆಂದರೆ ಮೇಕಪ್ ಪೆಟ್ಟಿಗೆ ಹಿಡಿದು ಸಾಗರಕ್ಕೂ ತೀರ್ಥಹಳ್ಳಿಗೂ ಓಡುವುದೇ ಕೆಲಸ. ಮದುಮಗಳ ಕೋಣೆಯಲ್ಲಿ ಕೂತರೆ ಯಾವ ಊರು ಬದುಕಲು ಲಾಯಕ್ಕು, ಯಾವುದು ನಾಲಾಯಕ್ಕು ಅನ್ನುವ ತೀರ್ಪು ಬೇಡವೆಂದರೂ ಕಿವಿಗೆ ಬೀಳುತ್ತದೆ. ಸಾಗರದವರು ತೀರ್ಥಹಳ್ಳಿಯನ್ನು ಆಡಿಕೊಳ್ಳುತ್ತಾರೆ, ತೀರ್ಥಹಳ್ಳಿಯವರು ಸಾಗರವನ್ನು ಆಡಿಕೊಳ್ಳುತ್ತಾರೆ. ಇಬ್ಬರಿಗೂ ಒಮ್ಮತ ಇರುವುದು ಹೊಸನಗರದ ವಿಷಯದಲ್ಲಿ ಮಾತ್ರ.

ನಕ್ಕು ಸುಮ್ಮನಿರಬಹುದಿತ್ತು. ಆದರೆ ನನಗೊಬ್ಬ ತಮ್ಮ ಇದ್ದಾನೆ. ಪಂಪ್‌ಸೆಟ್ಟು, ಕಳೆ ಕೊಚ್ಚುವ ಮಿಷನ್ನು ರಿಪೇರಿ ಮಾಡುವ ಅಂಗಡಿ ಇದೆ. ಬಂಗಾರದಂಥ ಹುಡುಗ, ಸುಳ್ಳು ಹೇಳಲು ಬಾರದು ಅನ್ನುವುದೊಂದು ಬಿಟ್ಟರೆ ಯಾವ ಚಟವೂ ಇಲ್ಲ. ಮೂವತ್ತು ದಾಟಿ ವರ್ಷಗಳಾಗಿವೆ, ಹೆಣ್ಣು ಸಿಗುತ್ತಿಲ್ಲ. ಹುಡುಗ ಎಲ್ಲರಿಗೂ ಒಪ್ಪಿಗೆ, ಊರು ಯಾರಿಗೂ ಒಪ್ಪಿಗೆಯಿಲ್ಲ. ಅಮ್ಮನಿಗೆ ಅದೇ ಕೊರಗು. "ದಿನಾ ಮದುಮಕ್ಕಳ ಜೊತೆ ಇರ್ತೀಯಲ್ಲೇ, ಒಂದು ಹೆಣ್ಣು ಹುಡ್ಕಕ್ಕೆ ಆಗಲ್ವಾ ನಿಂಗೆ?" ಎಂದು ನನ್ನ ಪೆಟ್ಟಿಗೆ ಎದುರಿಗೇ ಕೇಳುತ್ತಿದ್ದಳು. ಸರಿ, ಪಣ ತೊಟ್ಟೆ. ಆಮೇಲೆ ಆದದ್ದೆಲ್ಲ ಹೀಗೆ.

ಕಣ್ಣಿನ ಕಾಡಿಗೆ ಹೇಳುವ ಸತ್ಯ

ಹೆಣ್ಣು ಒಪ್ಪಿಸಿಕೊಡುವ ಹೊತ್ತಿನಲ್ಲಿ ನಾನು ಟಿಶ್ಯೂ ಡಬ್ಬಿ ಹಿಡಿದು ಮದುಮಗಳ ಪಕ್ಕದಲ್ಲೇ ನಿಲ್ಲಬೇಕು. ಇಷ್ಟು ವರ್ಷ ನಿಂತು ನಿಂತು, ಯಾವ ಊರಿಗೆ ಹೋಗುವ ಹುಡುಗಿ ಎಷ್ಟು ಅಳುತ್ತಾಳೆ ಅನ್ನುವುದು ನನಗೆ ಬಾಯಿಪಾಠ. ಶಿವಮೊಗ್ಗಕ್ಕೆ ಹೋಗುವವಳು ಕಣ್ಣಂಚಿನಲ್ಲಿ ಒಂದು ಹನಿ ತರುತ್ತಾಳೆ, ಅದೂ ಫೋಟೋ ತೆಗೆಯುವವನು ಎದುರಿಗೆ ಬಂದಾಗ. ಸಾಗರ, ತೀರ್ಥಹಳ್ಳಿಗೆ ಹೋಗುವವರು ಕಾಡಿಗೆಯನ್ನು ಕೆನ್ನೆಯವರೆಗೆ ಇಳಿಸುತ್ತಾರೆ. ಹೊಸನಗರಕ್ಕೆ ಹೋಗುವವಳದು ಮಾತ್ರ ಗಲ್ಲದವರೆಗೆ ಇಳಿಯುತ್ತದೆ. ವಾಟರ್‌ಪ್ರೂಫ್ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಬರೆದವರು ಹೊಸನಗರಕ್ಕೆ ಹೆಣ್ಣು ಕೊಡುವುದನ್ನು ನೋಡಿಲ್ಲ.

ಒಮ್ಮೆ ಸಾಗರದಲ್ಲಿ ಒಬ್ಬಳು ಹೀಗೇ ನಮ್ಮೂರಿಗೆ ಹೊರಟು ನಿಂತು ಬಿಕ್ಕುತ್ತಿದ್ದಳು. ನಾನು ಅವಳ ಬೆನ್ನು ಸವರಿ ಹೇಳಿದೆ:

"ಅಳ್ಬೇಡ ಮಾರಾಯ್ತಿ. ಹೊಸನಗರ ಅಂದ್ರೆ ಎಂತ ಕಾಡಾ? ನಾನೂ ಹುಟ್ಟಿದಾಗಿಂದ ಅಲ್ಲೇ ಇರದು."

ಅವಳು ಅಳು ನಿಲ್ಲಿಸಿ, ನನ್ನನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದಳು. ಆಮೇಲೆ ಮೊದಲಿಗಿಂತ ಜೋರಾಗಿ ಅಳತೊಡಗಿದಳು.

"ನಮ್ಮೂರಲ್ಲಿ ಎಂತ ಇದೆ ಬಿಡಿ"

ನಮ್ಮ ಕಡೆ ಒಂದು ಮರ್ಯಾದೆ ಇದೆ. ಮನೆಗೆ ಬಂದವರ ಎದುರು ನಮ್ಮ ಊರನ್ನು ನಾವೇ ಬೈದುಕೊಳ್ಳಬೇಕು. "ನಮ್ಮೂರಲ್ಲಿ ಎಂತ ಇದೆ ಬಿಡಿ" ಅನ್ನಬೇಕು. ಬಂದವರು ತಕ್ಷಣ, "ಛೆ ಛೆ, ನಿಮ್ಮೂರು ಅಂದ್ರೆ ಸುಮ್ನೆಯಾ?" ಅನ್ನಬೇಕು. ಇವರು ಬೈಯುತ್ತಾ ಹೋದಷ್ಟೂ ಅವರು ಹೊಗಳುತ್ತಾ ಹೋಗಬೇಕು. ಊಟಕ್ಕೆ ಕೂತಾಗ "ಸಾಕು ಸಾಕು" ಎಂದವರ ಎಲೆಗೆ ಇನ್ನೊಂದು ಸೌಟು ಬಡಿಸುತ್ತೇವಲ್ಲ, ಹಾಗೆ.

ಸಾಗರದಲ್ಲಿ ಒಂದು ಹೆಣ್ಣು ನೋಡಲು ತಮ್ಮನನ್ನು ಕರೆದುಕೊಂಡು ಹೋದೆ. ಹುಡುಗಿ ಚೆನ್ನಾಗಿದ್ದಳು, ಇವನನ್ನು ನೋಡಿ ಒಂದು ಸಲ ನಕ್ಕೂ ಇದ್ದಳು. ಉಪ್ಪಿಟ್ಟು ಬಂತು, ಕೇಸರಿಬಾತು ಬಂತು. ಹುಡುಗಿಯ ಅಪ್ಪ ಪದ್ಧತಿಯಂತೆ ಶುರು ಮಾಡಿದರು.

"ಸಾಗರದಲ್ಲಿ ಈಗ ಎಂತ ಇದೆ ಬಿಡಿ. ಧೂಳು, ಗಲಾಟೆ, ವೆಹಿಕಲ್ಲು. ಮನುಷ್ಯರು ಇರೋ ಊರಲ್ಲ."

ನಾನು ಬಾಯಲ್ಲಿದ್ದ ಉಪ್ಪಿಟ್ಟು ನುಂಗಿ "ಛೆ ಛೆ" ಅನ್ನುವಷ್ಟರಲ್ಲಿ ತಮ್ಮ ತಲೆ ಅಲ್ಲಾಡಿಸಿದ.

"ಹೌದು ನೋಡಿ, ನಂಗೂ ಹಂಗೇ ಅನ್ನಿಸ್ತು. ಗಾಡಿ ನಿಲ್ಸಕ್ಕೆ ಜಾಗ ಹುಡ್ಕಿ ಸುಸ್ತಾಯ್ತು. ನೀವು ಹೆಂಗೆ ಇರ್ತೀರೋ ಇಲ್ಲಿ."

ಹುಡುಗಿಯ ಅಪ್ಪನ ಮುಖ ನೋಡಬೇಕಿತ್ತು. ಕೇಸರಿಬಾತಿನ ತಟ್ಟೆಯನ್ನು ತಮ್ಮನ ಮುಂದಿನಿಂದ ಎತ್ತಿ ನನ್ನ ಮುಂದಿಟ್ಟರು. ಪರಿಸ್ಥಿತಿ ಸುಧಾರಿಸಲು ನಾನು, "ನಮ್ಮ ಹೊಸನಗರದಲ್ಲಾದ್ರೂ ಎಂತ ಇದೆ ಬಿಡಿ" ಅಂದೆ. ಅವರು ಛೆ ಅನ್ನುತ್ತಾರೆ ಎಂದು ಕಾದೆ. ಹುಡುಗಿಯ ಅಮ್ಮ ಒಳಗಿನಿಂದಲೇ ಹೇಳಿದರು:

"ಅದನ್ನೇ ನಾವೂ ರಾತ್ರಿ ಮಾತಾಡಿದ್ದು."

ಬಸ್ಸಿನಲ್ಲಿರುವ ಊರು

ಆ ದಿನ ತಮ್ಮ ಊರು ಮುಟ್ಟಿದ ಮೇಲೆ ಹೊಸ ಅಂಗಿ ಬಿಚ್ಚಿ ಮಡಚಿಟ್ಟು, "ಅಕ್ಕಾ, ಇನ್ನು ಸಾಕು" ಅಂದ. ನಾನು ಬಿಡಬೇಕಲ್ಲ! ನಾನೇನು ಸುಳ್ಳು ಹೇಳಲು ಬಾರದವಳಲ್ಲ. ಊರಿನ ಹೆಸರೇ ಅಡ್ಡ ಬರುತ್ತದೆಂದರೆ ಹೆಸರನ್ನೇ ಎತ್ತಬಾರದು ಎಂದು ತೀರ್ಮಾನಿಸಿದೆ. ಅಂದಿನಿಂದ ತೀರ್ಥಹಳ್ಳಿಯಲ್ಲಿ ಯಾರಾದರೂ ಕೇಳಿದರೆ "ನಮ್ದು ಸಾಗರದ ಹತ್ರ" ಎನ್ನುತ್ತಿದ್ದೆ. ಸಾಗರದಲ್ಲಿ ಕೇಳಿದರೆ "ತೀರ್ಥಹಳ್ಳಿ ಹತ್ರ". ಹೊಸನಗರ ಇರುವುದೇ ಎರಡರ ನಡುವೆ, ಯೋಚಿಸಿದರೆ ಎರಡೂ ಸುಳ್ಳಲ್ಲ.

ಕೆಲವು ತಿಂಗಳು ಇದು ಚೆನ್ನಾಗಿಯೇ ನಡೆಯಿತು. ತೀರ್ಥಹಳ್ಳಿಯ ಒಂದು ಮನೆಯವರು ಜಾತಕವನ್ನೂ ತರಿಸಿಕೊಂಡರು. ಅಷ್ಟರಲ್ಲಿ ಒಂದು ಮದುವೆ ಬಂತು, ಹೆಣ್ಣು ಸಾಗರದ್ದು, ಗಂಡು ತೀರ್ಥಹಳ್ಳಿಯದು. ಎರಡು ಊರಿನವರೂ ಒಂದೇ ಚಪ್ಪರದಲ್ಲಿ ಸೇರುತ್ತಾರೆ ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಊಟದ ಪಂಕ್ತಿಯಲ್ಲಿ ಹೆಣ್ಣಿನ ಸೋದರತ್ತೆ ನನ್ನ ಎಡಕ್ಕೆ, ಗಂಡಿನ ಸೋದರತ್ತೆ ಬಲಕ್ಕೆ.

"ಇವ್ರು ನಿಮ್ಮ ತೀರ್ಥಹಳ್ಳಿ ಕಡೇರಂತೆ" ಅಂದರು ಎಡಗಡೆಯವರು.

"ಇಲ್ಲ ಇಲ್ಲ, ನಿಮ್ಮ ಸಾಗರದ ಕಡೇರು" ಅಂದರು ಬಲಗಡೆಯವರು.

ಇಬ್ಬರೂ ನನ್ನ ಮುಖ ನೋಡಿದರು. ನಾನು ಸಾರನ್ನ ಕಲೆಸತೊಡಗಿದೆ. ಬಲಗಡೆಯವರು ಬಹಳ ಕನಿಕರದಿಂದ ಕೇಳಿದರು:

"ಹಂಗಾರೆ ನಿಮ್ಮ ಸಂಸಾರ ಎಲ್ಲ ಬಸ್ಸಲ್ಲೇನಾ?"

ಕೆಟ್ಟ ಊರುಗಳ ಪಟ್ಟಿ

ಜಾತಕ ತರಿಸಿಕೊಂಡಿದ್ದ ತೀರ್ಥಹಳ್ಳಿಯವರಿಗೆ ನಾನೇ ಹೋಗಿ ಇದ್ದ ವಿಷಯ ಹೇಳಿದೆ. ಪಾಪ, ಒಳ್ಳೆಯ ಜನ. "ಯೋಚ್ನೆ ಮಾಡ್ತೀವಿ" ಅಂದರು. ಅವರು ಯೋಚನೆ ಮಾಡುತ್ತಿದ್ದಾಗಲೇ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಒಂದು ಸಂದೇಶ ಬಂತು. ರಾಜ್ಯದಲ್ಲಿ ವಾಸಕ್ಕೆ ಯೋಗ್ಯವಲ್ಲದ ಊರುಗಳು ಯಾವುವು ಎಂದು ಯಾರೋ ಕೂತು ಪಟ್ಟಿ ಮಾಡಿದ್ದರು. ಯಾರು, ಯಾವ ಲೆಕ್ಕದಲ್ಲಿ ಮಾಡಿದರು ಅನ್ನುವುದು ಯಾರಿಗೂ ಬೇಕಿರಲಿಲ್ಲ. ಇಡೀ ಊರು ಮೊಬೈಲ್ ಕೆಳಗಿನಿಂದ ಮೇಲೆ, ಮೇಲಿನಿಂದ ಕೆಳಗೆ ಉಜ್ಜಿದ್ದೇ ಉಜ್ಜಿದ್ದು. ಹೊಸನಗರದ ಹೆಸರು ಎಲ್ಲೂ ಇಲ್ಲ.

ನಮ್ಮ ಸಂಭ್ರಮ ಹೇಳತೀರದು. ಪಾರ್ಲರಿಗೆ ಬಂದವರೆಲ್ಲ ಅದೇ ಮಾತು. ಐಬ್ರೋ ಮಾಡಿಸಿಕೊಳ್ಳುತ್ತಾ ಕಣ್ಣು ಮುಚ್ಚಿದ್ದವರೂ "ನಮ್ಮೂರು ಇಲ್ಲ ಅಲ್ದಾ?" ಎಂದು ಕೇಳಿ ಮತ್ತೊಮ್ಮೆ ಖುಷಿಪಟ್ಟರು. ತಮ್ಮ ಅಂಗಡಿಯಿಂದ ಗ್ರೀಸ್ ಕೈಯಲ್ಲೇ ಓಡಿ ಬಂದ.

"ಅಕ್ಕಾ, ಇದನ್ನ ತೀರ್ಥಹಳ್ಳಿ ಅವ್ರಿಗೆ ಕಳ್ಸಲಾ?"

"ಕೇಳ್ತೀಯಲ್ಲಾ, ಕಳ್ಸು ಮಾರಾಯಾ."

ಕಳಿಸಿದ. ಅವರು ಓದಿದ್ದೂ ಗೊತ್ತಾಯಿತು. ಅಮ್ಮ ದೇವರಿಗೆ ದೀಪ ಹಚ್ಚಿ ಮೊಬೈಲಿನ ಎದುರಿಗೇ ಕೂತಳು. ಕೊನೆಗೆ ಹುಡುಗಿಯ ಅಪ್ಪನ ಧ್ವನಿ ಸಂದೇಶ ಬಂತು. ಬಹಳ ಮೆತ್ತಗಿನ ದನಿ.

"ನೋಡ್ದೆ ತಮ್ಮಾ. ಎಲ್ಲಾ ಸರಿ, ಬೇಜಾರು ಮಾಡ್ಕಬೇಡ. ಆದ್ರೆ ಅದು ಊರುಗಳ ಪಟ್ಟಿ ಅಲ್ವಾ?"

ಕೋಣಂದೂರಿನ ಹುಡುಗಿ

ಅಷ್ಟಾದ ಮೇಲೆ ನನಗೆ ಹಟವೂ ಹೋಯಿತು, ಸುಳ್ಳು ಹೇಳುವ ಹುಮ್ಮಸ್ಸೂ ಹೋಯಿತು. ಕೋಣಂದೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಮದುಮಗಳ ಬ್ಲೌಸಿನ ಹುಕ್ಕು ಕಿತ್ತುಹೋಗಿ, ಆ ಬ್ಲೌಸು ಹೊಲಿದಿದ್ದ ಹುಡುಗಿಯೇ ಸೂಜಿ ದಾರ ಹಿಡಿದು ಬಂದಳು. ಚುರುಕಾದ ಹುಡುಗಿ. ಹುಕ್ಕು ಹಾಕುತ್ತಲೇ "ನಿಮ್ದು ಯಾವೂರು ಅಕ್ಕ?" ಅಂದಳು.

"ಹೊಸನಗರ" ಅಂದೆ. ತಡೆಯಲಾಗದೆ ಉಳಿದದ್ದನ್ನೂ ಸುರಿದೆ. "ಮಳೆ ಹಿಡಿದ್ರೆ ಬಿಡಲ್ಲ, ಕರೆಂಟು ಹೋದ್ರೆ ಬರಲ್ಲ. ನಂಗೊಬ್ಬ ತಮ್ಮ ಇದಾನೆ, ಅವನಿಗೆ ಯಾರೂ ಹೆಣ್ಣು ಕೊಡಲ್ಲ. ಹೊಸನಗರಕ್ಕೆ ಯಾರು ಬರ್ತಾರೆ?"

ಹುಡುಗಿ ಹಲ್ಲಿನಲ್ಲಿ ದಾರ ಕತ್ತರಿಸಿದಳು. "ಯಾರೂ ಬರಲ್ವಾ?" ಅಂದಳು.

"ಯಾರೂ ಬರಲ್ಲ."

"ನಾನು ನೋಡ್ಬೋದಾ ಅವ್ರನ್ನ?"

ನನ್ನ ಕೈಯಲ್ಲಿದ್ದ ಲಿಪ್‌ಸ್ಟಿಕ್ ಮದುಮಗಳ ಮೂಗಿಗೆ ಹೋಯಿತು.

ವಾರದೊಳಗೆ ತಮ್ಮನಿಗೆ ಅದೇ ಹೊಸ ಅಂಗಿ ಹಾಕಿಸಿ ಅವರ ಮನೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟಿದ್ದೆ. ಅವರಪ್ಪ "ಕೋಣಂದೂರಲ್ಲಿ ಎಂತ ಇದೆ ಬಿಡಿ" ಅಂದ ಕೂಡಲೇ ಇವನು ಗಿಣಿಯ ಹಾಗೆ, "ಛೆ ಛೆ, ಕೋಣಂದೂರು ಅಂದ್ರೆ ಸುಮ್ನೆಯಾ?" ಅಂದ. ನನಗೆ ಜೀವ ಬಂತು. ಆಮೇಲೆ ಹುಡುಗಿಯೇ ಪ್ರಶ್ನೆ ಶುರು ಮಾಡಿದಳು.

"ನಿಮ್ಮ ಮನೆ ಬಸ್‌ಸ್ಟ್ಯಾಂಡಿಗೆ ಹತ್ರನಾ?"

ಈ ಪ್ರಶ್ನೆಗೆ ನಾನು ಪಾಠ ಹೇಳಿರಲಿಲ್ಲ. ತಮ್ಮ ತಲೆ ತಗ್ಗಿಸಿದ. "ಇಲ್ಲ, ದೂರ. ಗುಡ್ಡ ಹತ್ಬೇಕು."

"ಆಟೋ ಬರುತ್ತಾ?"

"ಅರ್ಧಕ್ಕೆ ಇಳಿಸ್ತಾರೆ."

"ಕೇಳ್ಕೊಂಡು ಬಂದ್ರೆ ಮನೆ ಸಿಗುತ್ತಾ?"

"ಪೋಸ್ಟ್‌ಮ್ಯಾನಿಗೇ ಒಂದೊಂದ್ಸಲ ಸಿಗಲ್ಲ."

ಮುಗಿಯಿತು ಎಂದುಕೊಂಡು ನಾನು ವ್ಯಾನಿಟಿ ಬ್ಯಾಗು ಹೆಗಲಿಗೆ ಹಾಕಿದೆ. ಹುಡುಗಿ ಅಪ್ಪನ ಕಡೆ ತಿರುಗಿ, "ನಂಗೆ ಒಪ್ಪಿಗೆ" ಅಂದಳು.

ಅಡುಗೆಮನೆಗೆ ಹೋಗಿ ಗುಟ್ಟಾಗಿ ಕೇಳಿದೆ, ಎಂತಕ್ಕೆ ಒಪ್ಪಿದೆ ಮಾರಾಯ್ತಿ ಅಂತ. ಅವಳು ಕಿಟಕಿ ತೋರಿಸಿದಳು. ಎದುರಿಗೇ ಬಸ್ಸು ನಿಲ್ಲುವ ಜಾಗ. "ನೋಡಿ ಅಕ್ಕ. ಬಸ್ಸು ತಪ್ಪಿದ ನೆಂಟರು ಚಾ ಕುಡಿಯಕ್ಕೆ ಇಲ್ಲಿಗೇ ಬರ್ತಾರೆ. ಬಸ್ಸು ಸಿಕ್ಕಿದವ್ರು ಅದರಿಂದ ಇಳಿದು ಊಟಕ್ಕೆ ಇಲ್ಲಿಗೇ ಬರ್ತಾರೆ. ಬುದ್ಧಿ ಬಂದಾಗಿಂದ ದೋಸೆ ಹುಯ್ತಾನೇ ಇದೀನಿ, ಒಂದು ಬ್ಲೌಸನ್ನೂ ಒಂದೇ ಸಲ ಕೂತು ಹೊಲ್ದು ಮುಗಿಸಿಲ್ಲ. ಯಾರೂ ಬರದ ಊರು ಅಂದ್ರಲ್ಲ, ನಂಗೆ ಕಣ್ಣಲ್ಲಿ ನೀರೇ ಬಂತು."

ಮದುವೆ ಆಯಿತು. ಒಪ್ಪಿಸಿಕೊಡುವ ಹೊತ್ತಿಗೆ ಅಭ್ಯಾಸದಂತೆ ಟಿಶ್ಯೂ ಡಬ್ಬಿ ಹಿಡಿದು ನಿಂತೆ. ಅವರ ದೊಡ್ಡಮ್ಮ, ಚಿಕ್ಕಮ್ಮ, ಅತ್ತೆಯರೆಲ್ಲ ಸಾಲಾಗಿ ನಿಂತು ಗೊಳೋ ಅಂದರು. ಮದುಮಗಳು ನಗುತ್ತಾ ನಿಂತಿದ್ದಳು. ವಿಡಿಯೋದವನು "ಸ್ವಲ್ಪ ಅಳಿ ಮೇಡಂ, ಸೀನ್ ಖಾಲಿ ಕಾಣ್ತದೆ" ಎಂದು ಬೇಡಿಕೊಂಡರೂ ಒಂದು ಹನಿ ಬರಲಿಲ್ಲ. ಕಾಡಿಗೆ ಹಚ್ಚಿದ ಹಾಗೇ ಹೊಸನಗರಕ್ಕೆ ಬಂದು ಇಳಿದ ಮೊದಲ ಮದುಮಗಳು ಅವಳು. ಅಮ್ಮ ಅದನ್ನು ಬೀದಿಯಲ್ಲಿ ಎಲ್ಲರಿಗೂ ಹೇಳಿದಳು. ತಮ್ಮನ ಮುಖದಲ್ಲಿ ಆ ನಗು ನೋಡಿ ನನಗೇ ಎರಡು ಹನಿ ಬಂತು.

ಮುಂದಿನ ಭಾನುವಾರ ಬೆಳಿಗ್ಗೆ ನಾನು ತವರಿನ ಜಗಲಿಯಲ್ಲಿ ಕೂತು ಚಾ ಕುಡಿಯುತ್ತಿದ್ದೆ. ಗುಡ್ಡದ ಕೆಳಗೆ ವ್ಯಾನಿನ ಹಾರನ್ ಕೇಳಿಸಿತು. ನೋಡಿದರೆ ಮದುಮಗಳ ದೊಡ್ಡಮ್ಮ, ಚಿಕ್ಕಮ್ಮ, ಅತ್ತೆಯರು, ಮಾವಂದಿರು, ಮಕ್ಕಳು ಸಾಲುಹಿಡಿದು ಗುಡ್ಡ ಹತ್ತುತ್ತಿದ್ದಾರೆ. ಎಲ್ಲರಿಗಿಂತ ಮುಂದೆ ದೊಡ್ಡಮ್ಮ.

"ಹೊಸನಗರಕ್ಕೆ ಹೋಗೋ ಹುಡ್ಗೀರೆಲ್ಲ ಅಳ್ತಾ ಹೋಗ್ತಾರೆ. ನಮ್ಮ ಹುಡ್ಗಿ ನಗ್ತಾ ಹೋದ್ಲು. ಅಂದ್ಮೇಲೆ ಎಂತದೋ ಇರ್ಬೇಕು ಅಲ್ಲಿ ಅಂತ ಎಲ್ರಿಗೂ ಆಸೆ ಆಯ್ತು" ಅಂದರು.

"ಮನೆ ಹೆಂಗೆ ಸಿಕ್ತು ದೊಡ್ಡಮ್ಮ?" ಮದುಮಗಳು ಬಾಗಿಲಿಗೆ ಅಡ್ಡ ನಿಂತೇ ಕೇಳಿದಳು.

"ಅಳಿಯಂದಿರೇ ಲೊಕೇಶನ್ ಕಳ್ಸಿದ್ರು. ಪಾಪ, ಕೇಳಿದ ತಕ್ಷಣ ಎಲ್ರಿಗೂ ಕಳ್ಸಿದ್ರು."

ತಮ್ಮ ಹೆಮ್ಮೆಯಿಂದ ನಗುತ್ತಿದ್ದ. ಅವತ್ತಿಡೀ ಮದುಮಗಳು ದೋಸೆ ಹುಯ್ದದ್ದೇ ಹುಯ್ದದ್ದು. ಬಂದವರು ಊರೆಲ್ಲ ಸುತ್ತಿ, ಮಧ್ಯಾಹ್ನ ಉಂಡು, ಜಗಲಿಯಲ್ಲಿ ಮಲಗೆದ್ದು, ಸಂಜೆ ಹೊರಟು ನಿಂತರು. ದೊಡ್ಡಮ್ಮ ಗುಡ್ಡದ ಗಾಳಿಗೆ ಮುಖವೊಡ್ಡಿ ಹೇಳಿದರು:

"ಊರು ಬಾಳ ಚೆನ್ನಾಗಿದೆ ಕಣೇ. ತಂಪು, ಗಲಾಟೆ ಇಲ್ಲ. ಇನ್ನು ಪ್ರತಿ ಭಾನುವಾರ ಬಂದ್ಬಿಡ್ತೀವಿ."

ನನ್ನ ಜೀವಮಾನದಲ್ಲಿ ಹೊರಗಿನವರು ಯಾರೂ ನಮ್ಮೂರಿಗೆ ಆ ಮಾತು ಹೇಳಿರಲಿಲ್ಲ. ನನಗೆ ಆನಂದ ತಡೆಯದೆ ದೊಡ್ಡಮ್ಮನನ್ನು ಗಟ್ಟಿಯಾಗಿ ಅಪ್ಪಿಕೊಂಡೆ. ಅವರ ಹೆಗಲ ಮೇಲಿಂದ ನೋಡಿದರೆ ಮದುಮಗಳು ದೋಸೆ ಸೌಟು ಹಿಡಿದು ಬಾಗಿಲಿಗೆ ಒರಗಿದ್ದಳು, ಕಾಡಿಗೆ ಗಲ್ಲದವರೆಗೆ ಇಳಿದಿತ್ತು. ಮದುವೆ ದಿನ ಮಿಕ್ಕಿದ್ದ ಟಿಶ್ಯೂ ಡಬ್ಬಿ ಅವತ್ತು ಖಾಲಿಯಾಯಿತು.