ಅಪ್ಪ ಬರುವ ದಿನ ಕಾರ್ಬುರೇಟರ್

ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಪೆಟ್ರೋಲು ಸುಡಲು ಎಷ್ಟು ಗಾಳಿ ಬೇಕೆಂದು ನನಗೆ ಗೊತ್ತು. ಅಷ್ಟೇ ಗೊತ್ತಿದ್ದರೆ ಅಪಾಯವೆಂದು ಮಾತ್ರ ಗೊತ್ತಿರಲಿಲ್ಲ.

ಅಂದು ಸಂಜೆಯ ವಿಮಾನಕ್ಕೆ ಅಪ್ಪ ಮಸ್ಕತ್ತಿನಿಂದ ಬರುವವರಿದ್ದರು. ರಜೆಗೆ ಬಂದರೆ ಅವರು ಮೊದಲು ಮಾತಾಡಿಸುವುದು ಅಮ್ಮನನ್ನಲ್ಲ, ಶೆಡ್ಡಿನಲ್ಲಿರುವ ತಮ್ಮ ಹಳೆಯ ಬೈಕನ್ನು. ಬೆಳಿಗ್ಗೆ ಕಿಕ್ ಹೊಡೆದು ನೋಡಿದೆ. ಕಪ್ಪು ಹೊಗೆ ಉಗುಳಿ ನಿಂತುಹೋಯಿತು! ರೋಗ ಸ್ಪಷ್ಟವಾಗಿತ್ತು: ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ.

"ಮೆಕ್ಯಾನಿಕ್ಕನ್ನು ಕರೀಬಾರ್ದಾ?" ಎಂದರು ಅಮ್ಮ.

"ಅವ ಅಂದಾಜಿಗೆ ಮಾಡ್ತಾನೆ ಅಮ್ಮ. ನಾನು ಲೆಕ್ಕದಲ್ಲಿ ಮಾಡ್ತೇನೆ."

ಕಾರ್ಬುರೇಟರಿನೊಳಗೆ ಪೆಟ್ರೋಲು ಬರುವುದು ಜೆಟ್ ಎಂಬ ಹಿತ್ತಾಳೆಯ ತುಂಡಿನ ತೂತಿನಿಂದ. ಕುಲಶೇಖರ ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಇನ್ನೂ ಸಣ್ಣ ತೂತಿನ ಜೆಟ್ ತಂದು ಹಾಕಿದೆ. ಪಕ್ಕದ ಸ್ಕ್ರೂ ಕೂಡ ಪೆಟ್ರೋಲಿನದ್ದೇ ಎಂದುಕೊಂಡು ಕೊನೆಯವರೆಗೆ ಬಿಗಿದೆ. ಅದು ಗಾಳಿಯದ್ದೆಂದು ಆಮೇಲೆ ತಿಳಿಯಿತು. ಇದ್ದ ಚೂರು ಗಾಳಿಯನ್ನೂ ನಾನೇ ಬಂದ್ ಮಾಡಿದ್ದೆ!

ಕಿಕ್ ಹೊಡೆದೆ. ಹೊಗೆ ಕಾಂಪೌಂಡು ದಾಟಿತು.

"ಎಂತ ಮಾರಾಯ್ತಿ, ಸೊಳ್ಳೆಗೆ ಹೊಗೆ ಹಾಕುದಾ?" ಬಟ್ಟೆ ಒಣಗಿಸುತ್ತಿದ್ದ ಪಕ್ಕದ ಮನೆಯ ಲಿಲ್ಲಿ ಆಂಟಿ ಕೇಳಿದರು. "ನಮ್ಮ ಚರಂಡಿಗೂ ಸ್ವಲ್ಪ ಹಾಕು!"

ಓಣಿಯಲ್ಲಿ ತಲೆ ಎತ್ತದೆ ನಡೆಯುವವಳು ನಾನು. ಈಗಲೂ ತಲೆ ತಗ್ಗಿಸಿ ಕಿಕ್ ಹೊಡೆಯುತ್ತಲೇ ಹೋದೆ. ಸುಡದೆ ಉಳಿದ ಪೆಟ್ರೋಲು ಸೈಲೆನ್ಸರಿನಲ್ಲಿ ಸದ್ದಿಲ್ಲದೆ ಸೇರುತ್ತಿತ್ತು. ಅದಕ್ಕೆ ನನ್ನಷ್ಟು ಸಂಕೋಚವಿರಲಿಲ್ಲ.

ಢಮಾರ್!

ಕಾಗೆಗಳೆಲ್ಲ ಹಾರಿದವು. ಓಣಿಯ ಕಿಟಕಿಗಳೆಲ್ಲ ತೆರೆದವು. ನಾನು ಸ್ಕ್ರೂಡ್ರೈವರ್ ಹಿಡಿದು ಕಲ್ಲಾಗಿದ್ದೆ.

"ಗರ್ನಾಲು ಪಟಾಕಿಯಾ?" ಲಿಲ್ಲಿ ಆಂಟಿಯ ಮುಖ ಕಾಂಪೌಂಡಿನ ಮೇಲೆ ಮೂಡಿತು. "ಬೆಳಿಗ್ಗೆಯಿಂದ ಮನೆ ತೊಳಿಯುದು, ಅಪ್ಪ ಬರುದು, ಈಗ ಗರ್ನಾಲು! ನಿನ್ನ ಮದುವೆ ಫಿಕ್ಸ್ ಆಯ್ತಾ? ಒಂದು ಮಾತು ಹೇಳುದಿಲ್ಲ ಅಲ್ವಾ ನೀನು?"

ತಲೆ ಬಗ್ಗಿಸಿ ಸ್ಕ್ರೂಡ್ರೈವರಿನ ಮಸಿ ಒರೆಸತೊಡಗಿದೆ. ಅದನ್ನು ಅವರು ನಾಚಿಕೆ ಎಂದು ದಾಖಲಿಸಿಕೊಂಡರು.

ಸಂಜೆ ಅಪ್ಪ ಕಾರಿನಿಂದ ಇಳಿದಾಗ ಮುಖ ಬಿಳಿಚಿತ್ತು. ಬೈಕಿನ ಕಡೆ ನೋಡಲೂ ಇಲ್ಲ!

"ಹುಡುಗ ಎಲ್ಲಿಯವ? ಓಣಿಯವರೆಲ್ಲ ಕಾರು ನಿಲ್ಲಿಸಿ ಕಂಗ್ರಾಟ್ಸ್ ಹೇಳ್ತಾರೆ. ನನಗೊಬ್ಬನಿಗೆ ಗೊತ್ತಿಲ್ಲ!"

ಎಲ್ಲವನ್ನೂ ಹೇಳಿದೆ. ಅಪ್ಪ ದೀರ್ಘವಾಗಿ ಉಸಿರು ಬಿಟ್ಟು, ಬೈಕಿನ ಮುಂದೆ ಕೂತು, ಏರ್ ಫಿಲ್ಟರಿನ ಬಾಯಿಗೆ ಬೆರಳು ಹಾಕಿ ಎಳೆದರು. ಹಳೆಯ ಲುಂಗಿಯ ತುಂಡೊಂದು ಹೊರಬಂತು.

"ಇದೆಂತ?" ಎಂದರು ಅಪ್ಪ.

"ಇಲಿ ಗೂಡು ಕಟ್ಟುದು ಬೇಡ ಅಂತ ನಾನೇ ತುರುಕಿದ್ದು," ಎಂದರು ಅಮ್ಮ. "ಕೇಳಿದ್ರೆ ಹೇಳ್ತಿದ್ದೆ. ಇವಳು ಲೆಕ್ಕ ಮಾಡ್ತಾ ಇದ್ಲು."

ಅಪ್ಪ ಗಾಳಿಯ ಸ್ಕ್ರೂವನ್ನೂ ಸಡಿಲಿಸಿ, ಖುಷಿಯಿಂದ ಕಿಕ್ ಹೊಡೆದು ಎಕ್ಸಿಲರೇಟರ್ ತಿರುಗಿಸಿದರು. ಈಗ ರೋಗ ಉಲ್ಟಾ: ಗಾಳಿ ಧಾರಾಳ, ಪೆಟ್ರೋಲು ನನ್ನ ಸಣ್ಣ ಜೆಟ್ಟಿನಷ್ಟು.

"ಅಪ್ಪ, ಜೆಟ್…"

ಢಮಾರ್!

"ಡೇಟೂ ಫಿಕ್ಸ್ ಆಯ್ತಾ?" ಎಂದಿತು ಕಾಂಪೌಂಡು.

ನಾನು ಮುಖಕ್ಕೆ ಹಾರಿದ ಮಸಿ ತೊಳೆಯಲು ಒಳಗೆ ಓಡಿದೆ. ಮಸಿ ಆ ದಿನವೇ ಹೋಯಿತು. ಮದುವೆಯ ಸುದ್ದಿ ಇನ್ನೂ ಹೋಗಿಲ್ಲ.