ನಾಲ್ಕು ಮೂಲೆ ಸುತ್ತಿದ ಪಾಯಖಾನೆ

ಇಂಜಿನಿಯರ್ ಎಂದರೆ ಕಟ್ಟಡ ಕಟ್ಟುವವನು ಎಂದು ಜನ ತಿಳಿದಿದ್ದಾರೆ. ಕಟ್ಟಡ ಹೇಗೋ ಏಳುತ್ತದೆ. ಅದು ಏಳುವವರೆಗೆ ಮರಳು ಎಲ್ಲಿ, ಜಲ್ಲಿ ಎಲ್ಲಿ, ಸಿಮೆಂಟ್ ಶೆಡ್ ಎಲ್ಲಿ ಎಂದು ಪಂಚಾಯ್ತಿ ಮಾಡುವುದೇ ನನ್ನ ಕೆಲಸ. ದಾವಣಗೆರೆ, ಹರಿಹರದ ಕಡೆ ನಾನು ಕಾಲಿಟ್ಟ ಒಂದು ಸೈಟೂ ನಗಿಸದೆ ಬಿಟ್ಟಿಲ್ಲ. ನಗು ಮಾತ್ರ ನೌಕರಿ ಉಳಿದ ಮೇಲೆ ಬರುತ್ತದೆ.

ಹರಿಹರದ ಕಲ್ಯಾಣ ಮಂಟಪದ ಕತೆಯನ್ನೇ ತಗೊಳ್ಳಿ. ಮಾಲೀಕರು ದಾವಣಗೆರೆಯ ಒಬ್ಬ ಮಂಡಿ ಸಾಹುಕಾರರು. ಮೊದಲ ದಿನವೇ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ನೋಡ್ರಿ ಇಂಜಿನಿಯರ್ರೇ, ಈ ಮಂಟಪದಾಗ ಮೊದಲನೇ ಮದುವಿ ನನ್ನ ಮಗಂದೇ ಆಗ್ಬೇಕು. ಬೀಗರು ಒಪ್ಪವಲ್ರು, ತಮ್ಮೂರಾಗೇ ಮಾಡ್ತೀವಿ ಅಂತಾರೆ. ಒಂದ್ಸಲ ಬಂದು ನೋಡ್ತಾರಂತೆ. ಅವತ್ತು ಏನರ ಹೆಚ್ಚುಕಮ್ಮಿ ಆತೋ, ಮರುದಿನ ನೀವು ಬರದು ಬ್ಯಾಡ."

ನಾನು ತಲೆಯಾಡಿಸಿದೆ. ನಕ್ಷೆಯಲ್ಲಿ ಎಲ್ಲಕ್ಕೂ ಜಾಗ ಸಿಕ್ಕಿತ್ತು. ಸಿಗದೆ ಉಳಿದದ್ದು ಕೂಲಿಯವರ ಪಾಯಖಾನೆಗೆ. ಎತ್ತಿಡಬಹುದಾದ ಪ್ಲಾಸ್ಟಿಕ್ ಗೂಡು ಅದು. ಎಲ್ಲರಿಗೂ ಬೇಕು, ಯಾರ ಪಕ್ಕದಲ್ಲೂ ಬೇಡ.

ದೇವಮೂಲೆ

ಮೊದಲು ಅದನ್ನು ಈಶಾನ್ಯದಲ್ಲಿ ನಿಲ್ಲಿಸಿದೆ. ಸಾಹುಕಾರರ ವಾಸ್ತುವಿನವರು ಬಂದವರೇ ಎದೆ ಹಿಡಿದುಕೊಂಡರು.

"ಏನ್ರಿ ಇದು! ಈಶಾನ್ಯದಾಗ ಪಾಯಖಾನಿ? ವಂಶ ಉಳಿತೈತೇನ್ರಿ?"

"ತಾತ್ಕಾಲಿಕ ರೀ."

"ದೋಷಕ್ಕೆ ತಾತ್ಕಾಲಿಕ, ಕಾಯಂ ಅಂತ ಗೊತ್ತಾಗ್ತೈತೇನು? ಈಗಿಂದೀಗ ತೆಗೆಸ್ರಿ."

ನಾಲ್ಕು ಜನರನ್ನು ಕರೆದೆ. ಅವರು ಇನ್ನೇನು ಗೂಡು ಎತ್ತಬೇಕು, ವಾಸ್ತುವಿನವರು ಕೈ ಅಡ್ಡ ಹಿಡಿದರು. "ತಡೀರಿ, ತಡೀರಿ. ದಾವಣಗೆರೆಯಿಂದ ಬಸ್ಸಿನಾಗ ಕುಂತು ಬಂದೀನಿ." ಒಳಗೆ ಹೋದರು. ಸಾವಕಾಶ ಹೊರಗೆ ಬಂದು, ಕೈ ತೊಳೆದು, ಕನ್ನಡಕ ಸರಿಮಾಡಿಕೊಂಡು ಹೇಳಿದರು: "ಹ್ಞಾಂ, ಈಗ ಎತ್ರಿ. ದೋಷ ದೋಷಾನೇ."

ಅಜ್ಜಿಯ ಸಂಡಿಗೆ

ಆಗ್ನೇಯದಲ್ಲಿಟ್ಟೆ. ಅಲ್ಲಿ ಕಾಂಪೌಂಡಿನಾಚೆ ಒಬ್ಬ ಅಜ್ಜಿಯ ಅಡುಗೆಮನೆ ಕಿಟಕಿ. ಅಜ್ಜಿ ಆ ಕಿಟಕಿಯಿಂದಲೇ ವಿಚಾರಣೆ ಶುರು ಮಾಡಿದರು.

"ಏನಪ್ಪಾ, ನಿಂದು ಯಾವೂರು? ನಿಮ್ಮನಿ ಒಲಿ ಮುಂದೆ ಹಿಂಗೇ ಇಟ್ಕೊಂಡೀರೇನು?"

"ತಪ್ಪಾತಜ್ಜಿ, ತೆಗೆಸ್ತೀನಿ."

"ಅದಷ್ಟೇ ಅಲ್ಲ. ಈ ಖಾಲಿ ಜಾಗದಾಗ ನಾನು ಪ್ರತಿ ವರ್ಷ ಸಂಡಿಗಿ ಒಣಗಿಸ್ತಿದ್ದೆ. ಈಗ ಎಲ್ಲಿ ಒಣಗಿಸ್ಲಿ? ನಿನ್ನ ತಲಿ ಮ್ಯಾಲೆ?"

ಅಜ್ಜಿ ದೂರು ಕೊಟ್ಟರೆ ಕೆಲಸ ನಿಲ್ಲುತ್ತದೆ, ಕೆಲಸ ನಿಂತರೆ ಮಂಟಪ ಏಳುವ ಮೊದಲೇ ಬೀಗರು ಬರುತ್ತಾರೆ. ಸಿಮೆಂಟ್ ಶೆಡ್ಡಿನ ತಗಡಿನ ಚಾವಣಿಯನ್ನು ಸಂಡಿಗೆಗೆ ಬಿಟ್ಟುಕೊಟ್ಟೆ. ಒಪ್ಪಂದವಾಯಿತು. ಮರುದಿನ ನೋಡಿದರೆ ನಮ್ಮ ವಾಚ್‌ಮನ್ ಗೇಟು ಬಿಟ್ಟು ಶೆಡ್ಡಿನ ಪಕ್ಕ ಉದ್ದನೆಯ ಕೋಲು ಹಿಡಿದು ನಿಂತಿದ್ದಾನೆ.

"ಏನಯ್ಯಾ ಇಲ್ಲಿ?"

"ಸಂಡಿಗಿ ಕಾಯ್ತಿದೀನ್ರಿ. ಅಜ್ಜಿ ಹೇಳ್ಯಾರೆ."

"ಸಿಮೆಂಟು ಯಾರು ಕಾಯ್ಬೇಕು?"

ಅವನು ನನ್ನನ್ನು ಕನಿಕರದಿಂದ ನೋಡಿದ. "ಸಿಮೆಂಟ್ನ ಯಾವ ಕಾಗಿ ತಿಂತೈತ್ರಿ ಸಾರ್?"

ಮಿರ್ಚಿ ಗಾಡಿ

ವಾಯವ್ಯದಲ್ಲಿ ಗೇಟು. ಗೇಟಿನ ಪಕ್ಕ ಮಂಡಕ್ಕಿ, ಮಿರ್ಚಿಯ ಗಾಡಿ. ಗೂಡನ್ನು ಅಲ್ಲಿಗೆ ತಂದ ಕೂಡಲೇ ಗಾಡಿಯವನು ಮಿರ್ಚಿ ಕರಿಯುವ ಜಾರೆ ಎತ್ತಿಕೊಂಡು ಬಂದ. "ಬಾಯಿಗೆ ಹಾಕ್ಕಳ ವಸ್ತು ಸ್ವಾಮಿ! ಅದು ಇಲ್ಲಿರ್ಬೇಕು, ಇಲ್ಲ ನಾನಿರ್ಬೇಕು."

ಕಂಬಿ ಕಟ್ಟುವ ಮೇಸ್ತ್ರಿ ನನ್ನ ಕಿವಿಯಲ್ಲಿ ಹೇಳಿದರು: "ಸಾಬ್, ಗಾಡಿ ಹೋದ್ರೆ ಹಿಂದಿಂದೇ ನಮ್ಮ ಮಂದಿನೂ ಹೋಗ್ತಾರೆ. ನಾಲ್ಕು ಗಂಟಿಗೆ ಮಿರ್ಚಿ ಬೀಳ್ದಿದ್ರೆ ಒಬ್ಬನ ಕೈಯಾಗೂ ಕಂಬಿ ಬಗ್ಗಲ್ಲ."

"ಆತು, ದೂರ ಇಡಾನ."

"ಭಾಳ ದೂರ ಬ್ಯಾಡ ಸಾಬ್," ಮೇಸ್ತ್ರಿ ಗಂಭೀರವಾಗಿ ತಲೆಯಾಡಿಸಿದರು. "ಅವನ ಮಿರ್ಚಿ ತಿಂದೋರು ದೂರ ಓಡಕ್ಕಾಗಲ್ಲ."

ಬೀಗರು

ಉಳಿದದ್ದು ನೈಋತ್ಯ. ಅದು ಯಜಮಾನರ ಮೂಲೆ ಎಂದು ಸಾಹುಕಾರರು ತಮ್ಮ ಮಂಚವನ್ನೇ ಹಾಕಿಸಿಕೊಂಡಿದ್ದರು. ಕೇಳುವ ಧೈರ್ಯ ನನಗಿರಲಿಲ್ಲ. ಅಷ್ಟು ಹೊತ್ತಿಗೆ ಮಂಟಪದ ಹಾಲ್‌ಗೆ ಚಾವಣಿ ಹಾಕಿ ಮುಗಿದು, ಒಳಗೆ ಮದುವೆ ವೇದಿಕೆಯೂ ಎದ್ದಿತ್ತು. ಯಾರ ಮೂಲೆಯೂ ಅಲ್ಲ, ಯಾರ ಕಿಟಕಿಯೂ ಇಲ್ಲ. ಗೂಡನ್ನು ಎತ್ತಿಸಿ ವೇದಿಕೆಯ ಮೇಲೆ ಇಡಿಸಿದೆ. ಯಾರೊಬ್ಬರೂ ತಕರಾರು ಮಾಡಲಿಲ್ಲ. ಇಷ್ಟು ಸುಲಭದ ಉಪಾಯ ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಒಂದು ದಿನ ಬೆಳಿಗ್ಗೆ ಸಾಹುಕಾರರ ಫೋನು: "ಬೀಗರು ಹೊಂಟಾರೆ. ಇನ್ನರ್ಧ ತಾಸಿಗೆ ಅಲ್ಲಿರ್ತೀವಿ."

ನಾನು ವೇದಿಕೆಯತ್ತ ಓಡಿದೆ. ಗೂಡು ಇಳಿಸಲು ಜನ ಇಲ್ಲ, ಎಲ್ಲರೂ ಮೇಲೆ ಕಂಬಿ ಕಟ್ಟುತ್ತಿದ್ದಾರೆ. ವಾಚ್‌ಮನ್‌ನನ್ನು ಅಟ್ಟಿ, ಶಾಮಿಯಾನದವರಿಂದ ಜರಿ ಬಟ್ಟೆ, ಚೆಂಡುಹೂವಿನ ಹಾರ ತರಿಸಿದೆ. ಗೂಡಿನ ಸುತ್ತ ಬಟ್ಟೆ ಸುತ್ತಿ, ಹಾರ ಹಾಕಿದೆವು. ನೋಡಲು ಬಲು ಲಕ್ಷಣವಾಗಿತ್ತು.

ಕಾರಿನಿಂದ ಬೀಗರು, ಬೀಗಿತ್ತಿ, ವಾಸ್ತುವಿನವರು ಇಳಿದರು. ಸಾಹುಕಾರರು ನಮ್ಮ ಪದ್ಧತಿಯಂತೆ ಮೊದಲು ಮಂಡಕ್ಕಿ, ಮಿರ್ಚಿ ತರಿಸಿದರು. "ಇನ್ನೊಂದು ತಗಳ್ರಿ ಬೀಗ್ತಿ, ನಮ್ಮ ಕಡಿ ಮಿರ್ಚಿ ನಿಮ್ಮೂರಾಗ ಸಿಗಲ್ಲ" ಎಂದು ಬಿಡದೆ ಬಲವಂತ ಮಾಡಿದರು. ಬೀಗಿತ್ತಿ ಇನ್ನೊಂದು ತಗೊಂಡರು, ಮತ್ತೊಂದೂ ತಗೊಂಡರು.

ಒಳಗೆ ಬಂದು ವೇದಿಕೆ ನೋಡಿದ ಬೀಗರು ಚಪ್ಪಲಿ ಬಿಟ್ಟರು. "ಓಹೋ, ದೇವರನ್ನ ಮೊದಲೇ ಕೂಡ್ರಿಸೀರಿ," ಎಂದು ಕಣ್ಣು ಮುಚ್ಚಿ ಕೈ ಮುಗಿದರು. ಸಾಹುಕಾರರಿಗೂ ಹೊಸ ಸುದ್ದಿ. ಆದರೂ ಅವರೂ ಕೈ ಮುಗಿದರು.

ಆಗ ಜರಿ ಬಟ್ಟೆ ಸರಿಯಿತು. ಒಳಗಿನಿಂದ ಕಂಬಿ ಮೇಸ್ತ್ರಿ ಬಕೀಟಿನ ಸಮೇತ ಹೊರಗೆ ಬಂದರು. ಎದುರಿಗೆ ಇಷ್ಟು ಜನ ಕೈ ಮುಗಿದು ನಿಂತದ್ದನ್ನು ಕಂಡು ಗಾಬರಿಯಾಗಿ, ಬಕೀಟು ಕೆಳಗಿಟ್ಟು ತಾವೂ ಕೈ ಮುಗಿದರು.

ಸಾಹುಕಾರರ ಮುಖ ಮಿರ್ಚಿಗಿಂತ ಕೆಂಪಾಯಿತು. ನಾನು ಮನಸ್ಸಿನಲ್ಲೇ ನೌಕರಿಗೆ ಎಳ್ಳುನೀರು ಬಿಟ್ಟೆ.

"ಸರೀರಿ ಅತ್ಲಾಗೆ!" ಎಂದಿತು ಒಂದು ದನಿ. ಬೀಗಿತ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನಮ್ಮನ್ನೆಲ್ಲ ತಳ್ಳಿ, ಮೆಟ್ಟಿಲು ಹತ್ತಿ ಬಟ್ಟೆಯ ಹಿಂದೆ ಮರೆಯಾದರು.

ಎಲ್ಲರೂ ಚಾವಣಿ ನೋಡುತ್ತಾ ನಿಂತೆವು. ವಾಸ್ತುವಿನವರು ಕೆಮ್ಮಿದರು.

ಬೀಗಿತ್ತಿ ಹೊರಗೆ ಬಂದಾಗ ಮುಖದಲ್ಲಿ ಕಳೆ ಇತ್ತು. ವೇದಿಕೆಯ ಮೇಲಿನಿಂದಲೇ ತೀರ್ಪು ಕೊಟ್ಟರು: "ಮೂರು ಹೆಣ್ಣುಮಕ್ಕಳ ಮದುವಿ ಮಾಡೀನಿ. ಮುಹೂರ್ತ ಮುಗಿಯೋತಂಕ ಹಡೆದಾಕಿ ವೇದಿಕಿ ಬಿಟ್ಟು ಏಳಂಗಿಲ್ಲ. ಆ ಕಷ್ಟ ನನಗೆ ಗೊತ್ತು. ಇಲ್ಲೀತಂಕ ಒಬ್ಬ ಮಾರಾಯನಿಗೂ ಇದು ಹೊಳೀಲಿಲ್ಲ ನೋಡ್ರಿ. ಮದುವಿ ಇಲ್ಲೇ ಆಗ್ಲಿ. ಆದ್ರೆ ವೇದಿಕಿ ಹಿಂದೇನೇ ಇದು ಇರ್ಬೇಕು, ಗಟ್ಟಿಯಾಗಿ ಕಟ್ಟಿಸ್ರಿ."

ಸಾಹುಕಾರರು ನನ್ನ ಹೆಗಲ ಮೇಲೆ ಕೈಯಿಟ್ಟರು. "ನಮ್ಮ ಇಂಜಿನಿಯರ್ರು ಹಂಗೇ ರೀ. ಎಲ್ಲಾ ಮುಂದಾಲೋಚನಿ!"

ಮದುವೆ ಅಲ್ಲೇ ಆಯಿತು. ಊಟಕ್ಕೆ ಅಜ್ಜಿಯ ಸಂಡಿಗೆ, ಸಂಜೆಗೆ ಅದೇ ಗಾಡಿಯ ಮಿರ್ಚಿ. ಅಕ್ಷತೆ ಹಾಕಲು ನಿಂತವರಿಗಿಂತ ವೇದಿಕೆಯ ಹಿಂದಿನ ಸಾಲೇ ಉದ್ದವಾಗಿತ್ತು. ಸಾಲಿನ ಮುಂದೆ ವಾಸ್ತುವಿನವರು ನಿಂತಿದ್ದರು. ಅದು ಯಾವ ದಿಕ್ಕು ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.