ಏಣಿಯ ವಾರಸುದಾರ

ಮೇಷ್ಟ್ರ ಅಂತ್ಯಕ್ರಿಯೆಗೆ ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ನಡುಮನೆಯ ಗೋಡೆಗೆ ಒರಗಿ ಏಣಿ ನಿಂತೇ ಇತ್ತು. ಬಲ್ಬು ಬದಲಿಸಲು ಮೇಷ್ಟ್ರು ಎರವಲು ತಂದದ್ದು. ದುಃಖ ಹೇಳಲು ಬಂದವರೆಲ್ಲ ಅದರಡಿ ತಲೆ ತಗ್ಗಿಸಿಯೇ ದಾಟಬೇಕಾಗಿದ್ದರಿಂದ ಎಲ್ಲರೂ ಇದ್ದುದಕ್ಕಿಂತ ವಿನಯವಂತರಾಗಿ ಕಂಡಿದ್ದರು.

"ಇದನ್ನ ಯಾರ ಹತ್ರ ತಂದಿದ್ದ?" ಮೇಷ್ಟ್ರ ಅಕ್ಕ ಕೇಳಿದಳು.

"ಟೈಲರ್ ಹತ್ರ, ಅತ್ತಿಗೆ," ಎಂದಳು ಮೇಷ್ಟ್ರ ಹೆಂಡತಿ.

"ಇವತ್ತೇ ಕೊಟ್ಬಿಡು ಕಣೆ. ಕಂಡೋರ ಸಾಮಾನು ಇಟ್ಕೊಂಡು ಹೋದ ಅಂತ ನನ್ನ ತಮ್ಮನ್ನ ಯಾರೂ ಅನ್ಬಾರ್ದು."

ಅವಳಿಗೂ ಅದೇ ಬೇಕಿತ್ತು. ಅಳು ಇನ್ನೂ ಬಂದಿರಲಿಲ್ಲ. ಗಂಡನ ಒಂದು ಕೆಲಸವನ್ನಾದರೂ ಮುಗಿಸಬಹುದು.

ಏಣಿ ಹೊತ್ತು ಅವಳು ಮುಂದೆ, ಅತ್ತಿಗೆ ಹಿಂದೆ. ತಿರುವಿನಲ್ಲಿ ಯಾರದೋ ಒಗೆದ ಪ್ಯಾಂಟು ಏಣಿಯ ತುದಿಗೆ ಸಿಕ್ಕಿ ಬಾವುಟದಂತೆ ಜೊತೆಗೆ ಬಂತು.

ಟೈಲರ್ ಕತ್ತರಿ ಕೆಳಗಿಟ್ಟು ಎದ್ದ. ಮೇಷ್ಟ್ರ ಸಂಜೆಯ ಇಂಗ್ಲಿಷ್ ತರಗತಿಯಲ್ಲಿ ಅವನದು ಮುಂದಿನ ಬೆಂಚು. ಎರವಲು ತರುವುದಕ್ಕೆ ಇಂಗ್ಲಿಷಿನಲ್ಲಿ 'ಬಾರೋ' ಎಂದರೆ ಜೊತೆಗೆ 'ಫ್ರಮ್' ಬರಬೇಕು ಎಂದು ಮೇಷ್ಟ್ರು ಎಷ್ಟು ಗಂಟಲು ಹರಿದುಕೊಂಡರೂ ಇಡೀ ಬೀದಿ 'ಬಾರೋ ಟು' ಎನ್ನುವುದನ್ನು ಬಿಟ್ಟಿರಲಿಲ್ಲ.

"ಏಣಿ ನಂದಲ್ಲ ಅಕ್ಕಾ," ಎಂದವನು ನೆಟ್ಟಗೆ ನಿಂತ. "ಐ ಬಾರೋಡ್ ಇಟ್ ಫ್ರಮ್ ದಿ ಎಲೆಕ್ಟ್ರಿಷಿಯನ್. ಮೇಷ್ಟ್ರು ಕೇಳಿಸ್ಕೊಂಡಿದ್ರೆ..."

ಎಲೆಕ್ಟ್ರಿಷಿಯನ್ನನ ಅಂಗಡಿಯ ಬೋರ್ಡಿಗೆ ಏಣಿ ತಗುಲಿ ಬೋರ್ಡು ವಾಲಿತು. "ಇಂಥ ದುಃಖದಲ್ಲಿ ಬೋರ್ಡೇನು ಮಹಾ ಅಕ್ಕಾ," ಎಂದ, ಬೋರ್ಡನ್ನೇ ನೋಡುತ್ತ. "ಐ ಬಾರೋಡ್ ಇಟ್ ಫ್ರಮ್ ದಿ ಪೇಂಟರ್."

"ಬದುಕಿದ್ದಾಗ ಒಂದ್ಸಲ ಹೀಗೆ ಹೇಳಿದ್ರೆ ಅವನ ಬಿಪಿಯಾದ್ರೂ ಇಳೀತಿತ್ತು," ಎಂದು ಅತ್ತಿಗೆ ಏದುಸಿರು ಬಿಟ್ಟಳು. "ನಡಿ, ಪೇಂಟರ್‌ದಲ್ದೆ ಏಣಿ ಇನ್ಯಾರದಿರತ್ತೆ?"

ಪೇಂಟರ್ ಏಣಿಯನ್ನು ನೋಡಿದ. ಆಮೇಲೆ ನೆಲ ನೋಡಿದ.

"ಕೊಡೋಣ ಕೊಡೋಣ ಅಂತಾನೇ ಇದ್ದೆ ಅಕ್ಕಾ."

"ಯಾರಿಗೆ?"

ಅವನು ತರಗತಿಯಲ್ಲಿ ನಿಂತಂತೆ ಕೈಕಟ್ಟಿದ. "ಐ ಬಾರೋಡ್ ಇಟ್ ಫ್ರಮ್ ಯುವರ್ ಹಸ್ಬೆಂಡ್. ನಿಮ್ಮ ಮದುವೆಗೂ ಮುಂಚೆ. ನೀಲಿ ಬಣ್ಣ ಬಳಿದ್ಬಿಟ್ಟೆ ನೋಡಿ, ಮೇಷ್ಟ್ರಿಗೂ ಗುರುತು ಸಿಗಲಿಲ್ಲ."

"ಅಯ್ಯೋ ಪೆದ್ದಾ! ನಿನ್ನ ಏಣೀನೇ ಎರವಲು ತಂದ್ಯೇನೋ ತಮ್ಮಾ!" ಅತ್ತಿಗೆ ನಕ್ಕಳು, ನಗುನಗುತ್ತಲೇ ಅತ್ತಳು.

ಮೇಷ್ಟ್ರ ಹೆಂಡತಿಗೆ ಎರಡೂ ಬರಲಿಲ್ಲ. "ವಾಕ್ಯ ಸರಿಯಾಗಿದೆ," ಎಂದಳು ಪೇಂಟರಿಗೆ.

ಮತ್ತೆ ಅದೇ ಬೀದಿ, ಅದೇ ಭಾರ. ನಡುಮನೆಯಲ್ಲಿ, ಗಂಡ ನಿಲ್ಲಿಸಿದ್ದ ಕಡೆಯೇ ಏಣಿ ನಿಲ್ಲಿಸಿದಳು. ತಂದವನ ಪರವಾಗಿ, ಕೊಟ್ಟವನಿಗೆ ಒಪ್ಪಿಸಿದಂತಾಯಿತು.